ನಾಲ್ಕನೇ ಬೋಲ್ಟು

ಸೀಮೆಎಣ್ಣೆ ವಾಸನೆ ಮೂಗಿಗೆ ಹತ್ತಿತು, ಒಂದು ಹನಿ ಹುಬ್ಬಿನ ಮೇಲೂ ಬಿತ್ತು, ಕಣ್ಣಿಗೆ ಇಳಿಯದಿದ್ದರೆ ಸಾಕು — ಜೀಪಿನ ಅಡಿಯಲ್ಲಿ ಗೋಣಿಚೀಲದ ಮೇಲೆ ಅಂಗಾತ ಮಲಗಿದ್ದೇನೆ, ಐವತ್ತೆರಡು ವರ್ಷದ ಬೆನ್ನಿಗೆ ತಳಿ ಊರಿನ ಈ ಚಳಿ ನೆಲ, ನಟ್ಟು ತುಕ್ಕು ಹಿಡಿದು ಕಚ್ಚಿಕೊಂಡಿದೆ, ನೆನೆಯಲಿ, ಅವಸರ ಮಾಡಿದರೆ ಮೂಲೆ ಸವೆದು ಆಮೇಲೆ ಉಳಿ ಸುತ್ತಿಗೆ ಹಿಡಿಯಬೇಕಾಗುತ್ತದೆ, ಅವಸರ ಮಾಡಿಯೇ ಅಲ್ಲವೇ ಇಷ್ಟೆಲ್ಲ ಆಗಿದ್ದು, ಸುಮ್ಮನಿರು ಆವುಲಪ್ಪ, ನಾಳೆ ಹೊಸೂರಿನಲ್ಲಿ ಎಫ್‌ಸಿ, ಬ್ರೇಕ್ ಇನ್ಸ್‌ಪೆಕ್ಟರು ಗಾಡಿ ಪರೀಕ್ಷೆ ಮಾಡುವಾಗ ಹಿಂದುಗಡೆ ಟ್ರೈಲರ್ ಎಳೆಯುವ ಕಬ್ಬಿಣದ ಬಾರೂ ಇರಬಾರದು, ಜನ ನಿಲ್ಲುವ ಮೆಟ್ಟಿಲೂ ಇರಬಾರದು, ಕಂಪನಿಯಿಂದ ಬಂದಾಗ ಹೇಗಿತ್ತೋ ಹಾಗಿರಬೇಕು, ಅದಕ್ಕೇ ಈ ರೂಟಿನ ಅಷ್ಟೂ ಜೀಪುಗಳು ವರ್ಷಕ್ಕೊಂದು ಸಲ ಹೀಗೆ ಬಾಲ ಬಿಚ್ಚಿಟ್ಟು ಹೋಗುತ್ತವೆ, ನೆಂಟರು ಬರುವ ಮುಂಚೆ ಹರಿದ ಚಾಪೆ ಸುತ್ತಿಡುವ ಹಾಗೆ, ಸಂಜೆ ಪೇಪರ್ ಕೈಗೆ ಬಂದರೆ ಮತ್ತೆ ಬಿಗಿಯುವುದು, ಬೆಳಗ್ಗೆ ಅದೇ ಮೆಟ್ಟಿಲು, ಅದೇ ಜನ, ಇದು ತಪ್ಪು ಅಂತ ಯಾರಿಗೂ ಅನ್ನಿಸಿಯೇ ಇಲ್ಲ, ನನಗೂ ಅನ್ನಿಸಿರಲಿಲ್ಲ. ಬಾರಿಗೂ ಮೆಟ್ಟಿಲಿಗೂ ಸೇರಿ ನಾಲ್ಕು ಬೋಲ್ಟು, ಬಲಗಡೆ ಎರಡು, ಎಡಗಡೆ ಎರಡು. ಲೆಕ್ಕಕ್ಕೆ ನಾಲ್ಕು, ಗಾಡಿಯಲ್ಲಿ ಇರುವುದು ಮೂರು, ಎಡಗಡೆಯ ಕೆಳಗಿನ ತೂತಿನಲ್ಲಿ ಏನೂ ಇಲ್ಲ, ಆ ಕಡೆ ನಾನು ನೋಡುತ್ತಿಲ್ಲ.

ಇವನು ಬರುವ ಮುಂಚೆ ಮುಗಿಸಿಬಿಡೋಣ ಅಂತ ಕೋಳಿ ಕೂಗುವ ಹೊತ್ತಿಗೇ ಎದ್ದೆ, ಬಿಚ್ಚಿ ಷೆಡ್ಡಿನ ಮೂಲೆಗೆ ಎಸೆದರೆ ಮುಗಿಯಿತು — ಬಂದೇಬಿಟ್ಟ ಮುತ್ತರಾಯಪ್ಪ, ಕದಿರಮ್ಮನ ಗಂಡ, ಇವತ್ತು ಅವನಿಗೆ ವಾರದ ರಜೆ, ನಾನೇನು ಕರೆದಿರಲಿಲ್ಲ, ಕೈಯಲ್ಲಿ ತನ್ನದೇ ಸ್ಪ್ಯಾನರ್ ಸೆಟ್ಟು, ನೀನು ಅಡಿಯಿಂದ ನಟ್ಟು ಹಿಡ್ಕಳಣ್ಣ, ನಾನು ಈ ಕಡೆಯಿಂದ ತಿರುಗಿಸ್ತೀನಿ ಅಂತ ಕೂತೇಬಿಟ್ಟ. ಮೂಕಂಡಪಲ್ಲಿಯ ಫ್ಯಾಕ್ಟರಿಯಲ್ಲಿ ಹದಿನೈದು ವರ್ಷದ ಫಿಟ್ಟರು, ಬೋಲ್ಟು ನೋಡಿದರೆ ಅದರ ಜಾತಕ ಹೇಳುವವನು, ನನಗೆ ಇಲ್ಲಿಂದ ಕಾಣುವುದು ಅವನ ಪಾದ ಮಾತ್ರ, ಹವಾಯಿ ಚಪ್ಪಲಿ, ಹೆಬ್ಬೆರಳಿನ ಉಗುರು ಕಪ್ಪಾಗಿದೆ, ಇದೇ ಪಾದ ಹೋದ ತಿಂಗಳು ಹೊಸೂರಿನ ಆಸ್ಪತ್ರೆಯಲ್ಲಿ ಓಡಿಬಂದಿತ್ತು, ಫ್ಯಾಕ್ಟರಿ ಬಟ್ಟೆಯಲ್ಲೇ, ಬಂದವನೇ ನನ್ನ ಎರಡೂ ಕೈ ಹಿಡಿದುಕೊಂಡ, ನೀನು ಗಾಡಿ ನಿಲ್ಲಿಸ್ದೆ ತಂದ್ಯಲ್ಲಣ್ಣ, ನೀನಿಲ್ದಿದ್ರೆ ಅವ್ಳು ಉಳೀತಿರ್ಲಿಲ್ಲ ಅಂತ ಅತ್ತ, ಡಾಕ್ಟರು ತಮಿಳಿನಲ್ಲಿ ಸೊಂಟದ ಮೂಳೆಗೆ ಪ್ಲೇಟು ಹಾಕಬೇಕು, ಮೂರು ತಿಂಗಳು ಕಾಲು ಊರಬಾರದು ಅನ್ನುತ್ತಿದ್ದರೆ ನಾನು ನನ್ನ ಕೈಯನ್ನೇ ನೋಡುತ್ತಿದ್ದೆ, ಅವನು ಬಿಡಲಿಲ್ಲ, ನಾನೂ ಬಿಡಿಸಿಕೊಳ್ಳಲಿಲ್ಲ, ಉಪಕಾರ ಮಾಡಿದವನ ಹಾಗೆ ನಿಂತಿದ್ದೆನಲ್ಲ, ಥೂ. ಹಾಂ, ತಿರುಗಿತು ಮೊದಲನೆಯದು, ಬಲಗಡೆ ಮೇಲಿನದು, ಪುಡಿ ತುಕ್ಕು ಗಡ್ಡದ ಮೇಲೆ ಉದುರುತ್ತಿದೆ, ಬಂತಣ್ಣ ಅನ್ನುತ್ತಾನೆ, ಡಬ್ಬಿ ಮುಚ್ಚಳದಲ್ಲಿ ಟಣ್ ಅಂತ ಬಿತ್ತು, ಒಂದು.

ಹೋದ ವರ್ಷ ಎಫ್‌ಸಿ ಮುಗಿಸಿ ಬಂದು ಇದೇ ಜಾಗದಲ್ಲಿ ಬಿಗಿಯುತ್ತಿದ್ದೆ, ನಾಲ್ಕನೆಯದರ ತಿರುಪು ಸವೆದಿತ್ತು, ಎಷ್ಟು ತಿರುಗಿಸಿದರೂ ಸುಮ್ಮನೆ ಸುತ್ತುತ್ತಿತ್ತು, ಡೆಂಕಣಿಕೋಟೆಯ ಅಂಗಡಿಯಲ್ಲಿ ಆ ಅಳತೆ ಇರಲಿಲ್ಲ, ಸ್ಟ್ಯಾಂಡಿನಲ್ಲಿ ಜನ ಕಾಯುತ್ತಿದ್ದರು, ಮೂರಿದೆಯಲ್ಲ, ನಾಳೆ ಹಾಕಿದರಾಯಿತು ಅಂದುಕೊಂಡೆ, ಆ ನಾಳೆಗೆ ಒಂದು ವರ್ಷ ತುಂಬಿತು. ಎಲೆಕೋಸು ತುಂಬಿದ ಟ್ರೈಲರನ್ನು ಇದೇ ಮೂರು ಬೋಲ್ಟಿನ ಮೇಲೆ ಎಳೆದಿದ್ದೇನೆ, ಏನೂ ಆಗಲಿಲ್ಲ, ಆಗದಿದ್ದರೆ ಮನುಷ್ಯ ಮರೆಯುತ್ತಾನೆ, ಇಲ್ಲ ಮರೆಯಲಿಲ್ಲ, ಸುಳ್ಳು ಯಾಕೆ, ಎಡ ಮೂಲೆ ಕಿರ್ ಅಂದಾಗಲೆಲ್ಲ ನೆನಪಾಗುತ್ತಿತ್ತು, ಹಾರನ್ ಒತ್ತಿದರೆ ಕೇಳಿಸುತ್ತಿರಲಿಲ್ಲ. ಅವತ್ತು ಸಂಕ್ರಾಂತಿ ಕಳೆದು ಒಂದು ವಾರ, ಗುಲಾಬಿ ತೋಟದಲ್ಲಿ ಫೆಬ್ರವರಿಯ ಪ್ರೇಮಿಗಳ ದಿನದ ಹೂವಿಗೆ ಅವಸರ, ಹೆಂಗಸರೆಲ್ಲ ಆರು ಗಂಟೆಗೇ ಕಟಾವಿಗೆ ಹೋಗಬೇಕು, ಒಳಗೆ ಹನ್ನೊಂದು ಜನ, ಹಿಂದೆ ಮೆಟ್ಟಿಲ ಮೇಲೆ ಮೂವರು, ಎಡ ತುದಿಯಲ್ಲಿ ಕದಿರಮ್ಮ, ಮಂಜು, ಕೆರೆ ಏರಿಯ ತಿರುವು, ಟಕ್ ಅಂತ ಒಂದು ಸದ್ದು, ಕಲ್ಲು ಹೊಡೆಯಿತು ಅಂದುಕೊಂಡೆ, ಆಮೇಲೆ ಹೆಂಗಸರ ಕೂಗು, ಕದಿರಮ್ಮ ರಸ್ತೆಗೆ ಬಿದ್ದಿದ್ದಳು. ಮೆಟ್ಟಿಲ ಎಡ ಮೂಲೆ ಒಂದು ಗೇಣು ಕೆಳಕ್ಕೆ ಜಗ್ಗಿತ್ತು, ನಾನು ಕಂಡೆ, ಬೇರೆ ಯಾರೂ ಕಾಣಲಿಲ್ಲ, ಎಲ್ಲರೂ ಅವಳ ಸುತ್ತ ಇದ್ದರು, ಸಾಯಂಕಾಲ ಬಂದು ಸುತ್ತಿಗೆಯಲ್ಲಿ ನಾಲ್ಕು ಏಟು ಹಾಕಿ ಸಮ ಮಾಡಿದೆ, ಅಷ್ಟು ಹೊತ್ತಿಗೆ ಊರು ತೀರ್ಮಾನ ಮಾಡಿ ಆಗಿತ್ತು, ಪಾಪ ನಾಲ್ಕು ದಿನದಿಂದ ಸರಿಯಾಗಿ ಮಲಗಿರಲಿಲ್ಲ, ನಿಂತಲ್ಲೇ ತೂಕಡಿಸಿಬಿಟ್ಟಳು. ಹೌದು ಅಂದೆ. ನಾನೂ ಹೌದು ಅಂದೆ. ಎರಡನೆಯದು ಬಂತು, ಟಣ್.

ಮೊನ್ನೆ ನೋಡಲು ಹೋಗಿದ್ದೆ, ಮಂಚದ ಮೇಲೆ ಅಂಗಾತ ಮಲಗಿದ್ದಳು, ಈಗ ನಾನು ಮಲಗಿರುವ ಹಾಗೆಯೇ, ಸೂರಿನ ಶೀಟು ನೋಡುತ್ತ, ಇವನು ಕಾಫಿ ಲೋಟ ಕೊಡುತ್ತ ನನ್ನ ಎದುರಿಗೇ ಅವಳಿಗೆ ಬೈದ, ನಿದ್ದೆ ಬತ್ತದೆ ಅಂದ್ರೆ ಅವತ್ತೊಂದಿನ ಮನೇಲಿರಕ್ಕೆ ಏನಾಗಿತ್ತು ನಿಂಗೆ, ದಿನಾ ಇದೇ ಮಾತು ಅಂತೆ, ಒಲೆ ಹಚ್ಚುವಾಗ, ಅವಳ ಬಟ್ಟೆ ಒಗೆಯುವಾಗ, ಕೆಟ್ಟವನೇನಲ್ಲ, ಹೆದರಿದವನು ಬೈಯುತ್ತಾನೆ, ಅವನು ನೀರಿಗೆ ಹೋದ ಮೇಲೆ ಅವಳು ನನ್ನ ಕಡೆ ತಿರುಗಿ, ಮೆಟ್ಟಿಲು ಜಾರ್ದಂಗಾಯ್ತು ಅನ್ನಿಸ್ತು ಕಣಣ್ಣ, ಆದ್ರೆ ಎಲ್ರೂ ನಿದ್ದೆ ಅಂತಾರೆ, ನಿದ್ದೇನೇ ಇರ್ಬೇಕು, ನಿನ್ ಗಾಡೀಗೆ ಕೆಟ್ಟೆಸರು ತಂದೆ, ಮನಸ್ನಾಗ್ ಇಟ್ಕಬ್ಯಾಡ ಅಂದಳು. ನನ್ನ ಹತ್ತಿರ ಕ್ಷಮೆ ಕೇಳಿದಳು. ನಾನು ಬಾಯಿ ಬಿಟ್ಟೆ, ಬಿಡುವಷ್ಟರಲ್ಲಿ ಇವನು ಬಿಂದಿಗೆ ಹೊತ್ತು ಬಂದ, ನಾನು ಕಾಫಿ ಕುಡಿದೆ, ಸಕ್ಕರೆ ಜಾಸ್ತಿ ಇತ್ತು, ಪೂರ್ತಿ ಕುಡಿದು ಎದ್ದುಬಂದೆ. ತನ್ನ ಕಾಲಿಗೆ ಗೊತ್ತಾಗಿದ್ದನ್ನು ಅವಳೇ ನಂಬದ ಹಾಗೆ ಮಾಡಿದೆನಲ್ಲ, ಮೂಳೆಗೆ ಪ್ಲೇಟು ಹಾಕಿದರು, ಇದಕ್ಕೆ ಏನು ಹಾಕುತ್ತಾರೆ.

ಮೂರನೆಯದು ಸಡಿಲಾಗುತ್ತಿದೆ, ತಡ್ಕಾ ಅಣ್ಣ, ಭಾರ ಬತ್ತದೆ, ಎರಡೂ ಅಂಗೈ ಕೊಟ್ಟು ತಡೆದೆ, ಬಾರು, ಮೆಟ್ಟಿಲು ಒಟ್ಟಿಗೆ ಇಳಿದವು, ಇಷ್ಟು ಭಾರವಿತ್ತೇ ಇದು, ಇಬ್ಬರೂ ಸೇರಿ ನೆಲಕ್ಕೆ ಇಟ್ಟೆವು, ನಾನು ತೆವಳಿಕೊಂಡು ಹೊರಗೆ ಬಂದೆ, ಬಿಸಿಲು ಈಗ ಬೇಲಿ ದಾಟಿದೆ, ಅವನು ಮುಚ್ಚಳ ಅಲ್ಲಾಡಿಸಿ ನೋಡುತ್ತಿದ್ದಾನೆ, ಮೂರೇ ಅವೆ, ಇನ್ನೊಂದೆಲ್ಲಣ್ಣ, ಓ, ಅವತ್ತು ಆ ತಿರುವಲ್ಲೇ ಬಿದ್ದೋಗಿರ್ಬೇಕು ಅಲ್ವಾ — ನೆಪ ಅವನೇ ಕೊಟ್ಟ, ಬೇಡದೆಯೇ ಕೊಟ್ಟ, ಹೂಂ ಅಂದರೆ ಸಾಕು, ಇಷ್ಟು ದಿನ ಅಂದಿದ್ದೇನೆ, ಇನ್ನೊಂದು ಹೂಂ. ಅವನು ಬಗ್ಗಿ ಚಾಸಿಯ ಆ ತೂತಿಗೆ ತೋರುಬೆರಳು ಇಟ್ಟ, ಕೈಗೆ ಅಭ್ಯಾಸ, ತೂತು ಸವೆದಿದೆಯೇ ನೋಡುವುದು, ಬೆರಳು ಒಳಗೆ ಹೋಗಲಿಲ್ಲ, ಗಟ್ಟಿ ಕೆಮ್ಮಣ್ಣು, ಇಟ್ಟಿಗೆಯ ಹಾಗೆ ಒಣಗಿ ಕೂತಿದೆ, ದೀಪಾವಳಿ ಆದ ಮೇಲೆ ಈ ಕಡೆ ಒಂದು ಹನಿ ಬಿದ್ದಿಲ್ಲ, ಅವನಿಗೂ ಗೊತ್ತು, ಉಗುರಿನಲ್ಲಿ ಕೆರೆದ, ಪುಡಿ ಉದುರಿತು, ಮತ್ತೆ ಕೆರೆದ, ನಿಧಾನವಾಗಿ, ಇದು ಮಳೆಗಾಲದ ಕೆಸರು ಅಂತ ತನಗೆ ತಾನೇ ಹೇಳಿಕೊಂಡ. ನನ್ನ ನಾಲಗೆ ತಿರುಗಿತು, ಅವತ್ತು ಬಿದ್ದಿದ್ದಲ್ಲ ಮುತ್ತ, ಹೋದ್ ವರ್ಷ ಎಫ್‌ಸಿ ಆದ್ಮೇಲೆ ನಾನು ಅದ್ನ ಹಾಕೇ ಇಲ್ಲ. ಬೈಯುತ್ತಾನೆ, ಸ್ಪ್ಯಾನರ್ ಬೀಸುತ್ತಾನೆ, ಬೀಸಲಿ — ನನ್ನ ಕಡೆ ತಿರುಗಲೂ ಇಲ್ಲ, ಅವ್ಳು ನಿದ್ದೆ ಮಾಡಿರ್ಲಿಲ್ಲ ಅಂದ, ಬೆರಳ ತುದಿ ಕೆಂಪಾಗಿದೆ, ಮಣ್ಣೋ ರಕ್ತವೋ, ಕೆರೆಯುವುದು ನಿಂತಿದೆ, ಬೆರಳು ಆ ತೂತಿನಲ್ಲೇ ಇದೆ, ತೆಗೆಯುತ್ತಿಲ್ಲ, ಬೆರಳು ಆ ತೂತಿನಲ್ಲೇ ಇದೆ —