ಅವ್ವ ಇದ್ದವಳು

ದಾನಿಗಳು ಬರುವ ದಿನ ನಮ್ಮ ಅನಾಥಾಲಯದ ಕಬ್ಬಿಣದ ಪೆಟ್ಟಿಗೆ ತೆರೆಯುತ್ತಿತ್ತು. ಅದರೊಳಗಿಂದ ನುಸಿಗುಳಿಗೆಯ ವಾಸನೆಯ ಬಿಳಿ ಫ್ರಾಕುಗಳು ಹೊರಬರುತ್ತಿದ್ದವು. ತೊಟ್ಟು, ಹಾಡಿ, ಕೈಮುಗಿದು, ಅತಿಥಿಗಳ ಗಾಡಿ ತಿರುವು ದಾಟಿದ ಕೂಡಲೇ ಬಿಚ್ಚಿಕೊಡಬೇಕು. ಕಲೆಯಾದರೆ ಏಟು.

ನೀಲವ್ವ ಬಂದಾಗ ಅವಳಿಗೆ ಏಳು ವರ್ಷವಿರಬಹುದು. ನಾನು ಅವಳಿಗಿಂತ ದೊಡ್ಡವಳು. ನನ್ನ ಪಕ್ಕದಲ್ಲೇ ಅವಳ ಚಾಪೆ. ಭಾನುವಾರಗಳಂದು ಸಾತವ್ವನೆಂಬ ಹೆಂಗಸು ಬಂದು ಅಡುಗೆಮನೆಯ ದೊಡ್ಡ ಪಾತ್ರೆಗಳನ್ನು ತಿಕ್ಕಿಕೊಟ್ಟು ಹೋಗುತ್ತಿದ್ದಳು. ಕೂಲಿ ಕೇಳುತ್ತಿರಲಿಲ್ಲ. ಕೆಲಸ ಮುಗಿದ ಮೇಲೆ ಒದ್ದೆ ಕೈಯಲ್ಲೇ ನೀಲವ್ವನ ತಲೆ ಬಾಚಿ ಜಡೆ ಹೆಣೆಯುತ್ತಿದ್ದಳು. ಅವಳೊಬ್ಬಳಿಗೇ ಏಕೆ ಎಂದು ನನಗೆ ಹೊಟ್ಟೆಕಿಚ್ಚು.

"ಅಕಿ ನಿನಗ ಏನಾಗಬೇಕು?" ಎಂದು ಒಂದು ದಿನ ಕೇಳಿಯೇಬಿಟ್ಟೆ.

ನೀಲವ್ವ ಸುತ್ತ ನೋಡಿ ಪಿಸುಗುಟ್ಟಿದಳು. "ನಮ್ಮವ್ವ. ಯಾರ ಮುಂದೂ ಹೇಳಬ್ಯಾಡ. ಅವ್ವಾ ಅಂತ ಕರದ್ರ ನನ್ನ ಹೊರಗ ಹಾಕ್ತಾರಂತ."

ಗಂಡ ಸತ್ತ ಮೇಲೆ ಸಾತವ್ವ ಅಕ್ಕಿ ಗಿರಣಿಯ ಅಂಗಳದಲ್ಲಿ ಭತ್ತ ಒಣಗಿಸುತ್ತಿದ್ದಳು. ಮಲಗುವುದೂ ಅಲ್ಲಿಯ ಜಗಲಿಯಲ್ಲೇ. ಹಮಾಲರ ನಡುವೆ ಹೆಣ್ಣುಮಗುವನ್ನು ಮಲಗಿಸಲು ಧೈರ್ಯವಾಗದೆ ಮೇಲ್ವಿಚಾರಕಿ ವಿಶಾಲಾಕ್ಷಮ್ಮನವರ ಕಾಲು ಹಿಡಿದಳಂತೆ. ಅವರು ಒಂದು ಷರತ್ತಿನ ಮೇಲೆ ಒಪ್ಪಿದರು: ಇಲ್ಲಿ ಆಕೆ ತಾಯಿಯಲ್ಲ, ಕೆಲಸದವಳು. ತಾಯಿಯಿರುವ ಮಗುವನ್ನು ಕಂಡರೆ ದಾನಿಗಳ ಮನಸ್ಸು ಕರಗುವುದಿಲ್ಲವಲ್ಲ!

ವಾರ್ಷಿಕೋತ್ಸವ ಬಂತು. ನೀಲವ್ವನದು ಗಂಟೆಯಂಥ ಕಂಠ. ಅವಳಿಗೇ ಬಾಯಿಪಾಠ ಮಾಡಿಸಿದರು: "ನನಗೆ ತಾಯಿಯಿಲ್ಲ, ತಂದೆಯಿಲ್ಲ. ನೀವೇ ನನ್ನ ತಾಯಿತಂದೆ." ಅಂದು ಊಟದ ಪಾತ್ರೆ ತೊಳೆಯಲು ಸಾತವ್ವನಿಗೂ ಕರೆ ಹೋಗಿತ್ತು. ಮಗಳ ದನಿ ಕೇಳಿ ಅವಳು ಚಪ್ಪರದ ಕಂಬದ ಬಳಿ ಬಂದು ನಿಂತಳು.

"ನನಗೆ ತಾಯಿ..." ಎಂದ ನೀಲವ್ವ ಅವಳನ್ನು ಕಂಡು ನಿಂತುಬಿಟ್ಟಳು. ವೇದಿಕೆಯ ಪಕ್ಕದಿಂದ ವಿಶಾಲಾಕ್ಷಮ್ಮನವರು "ಇಲ್ಲ, ಇಲ್ಲ" ಎಂದು ತುಟಿ ಆಡಿಸಿದರು.

"ನನಗ ಅವ್ವ ಅದಾಳ್ರಿ," ಎಂದಳು ನೀಲವ್ವ. "ಅಲ್ಲಿ ಕಂಬದ ಹತ್ರ ನಿಂತಾಳಲ್ರಿ, ಅಕಿನ."

ಸಭೆಯೆಲ್ಲ ಹಿಂತಿರುಗಿ ನೋಡಿತು. ಸಾತವ್ವ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಆಮೇಲೆ ಏನನ್ನಿಸಿತೋ, ಸೆರಗು ಇಳಿಸಿ ನೆಟ್ಟಗೆ ನಿಂತಳು. ಮುಖ್ಯ ಅತಿಥಿಗಳು ಹುಬ್ಬುಗಂಟಿಕ್ಕಿ, "ತಾಯಿ ಇದ್ದಮೇಲೆ ಈ ಮಗು ಇಲ್ಲೇಕೆ?" ಎಂದರು. ಆ ತಾಯಿ ಎಲ್ಲಿ ಮಲಗುತ್ತಾಳೆ ಎಂದು ಅಷ್ಟು ದೊಡ್ಡ ಸಭೆಯಲ್ಲಿ ಒಬ್ಬರೂ ಕೇಳಲಿಲ್ಲ.

ಅತಿಥಿಗಳು ಹೋದದ್ದೇ ತಡ, ವಿಶಾಲಾಕ್ಷಮ್ಮನವರು ಅಂಗಳದಲ್ಲಿ ಎಲ್ಲರ ಮುಂದೆ ನೀಲವ್ವನ ಬಿಳಿ ಫ್ರಾಕನ್ನು ಎಳೆದು ಬಿಚ್ಚಿದರು. "ಉಂಡ ಮನಿಗೇ ಎರಡು ಬಗಿತೀ ಏನ?"

ಸಾತವ್ವ ಓಡಿಬಂದು ಸೆರಗಿನಿಂದ ಮಗಳ ಮೈ ಸುತ್ತಿದಳು. "ಉಣಿಸಿದ್ದು ಖರೇರಿ ಅಮ್ಮಾರ, ಇಲ್ಲನ್ನೂದಿಲ್ಲ. ಆದ್ರ ನಾ ಸತ್ತೀನಂತ ಕೂಸಿನ ಬಾಯಾಗ ಹೇಳಸಬ್ಯಾಡ್ರಿ. ನಾ ಎಲ್ಲಿ ಬೀಳ್ತೀನೋ ಅದೂ ಅಲ್ಲೇ ಬೀಳ್ತೈತಿ, ಸರೀರಿ ಅತ್ತಾಗ."

ಅವರಿಬ್ಬರೂ ಹೋದರು. ಗಿರಣಿಯ ಜಗಲಿ ಆ ಮಗುವನ್ನು ಹೇಗೆ ಕಾಯಿತೋ ನಾನರಿಯೆ. ಇಂದಿಗೂ ನೆನೆದರೆ ನನ್ನ ಮೈ ಉರಿಯುತ್ತದೆ. ನಮ್ಮ ಗೋಡೆಗೋಡೆಗೂ ದಾನಿಗಳ ಹೆಸರು ಕೆತ್ತಿದ ಕಲ್ಲುಗಳಿದ್ದವು. ಬಾಗಿಲಿಗೆ ಅಗುಳಿಯಿರುವ ಒಂದು ಕೋಣೆ ಸಿಕ್ಕಿದ್ದರೆ ಆ ಹೆಂಗಸು ಮಗಳನ್ನು ತಾನೇ ಸಾಕುತ್ತಿದ್ದಳು. ಅದು ಯಾರಿಗೂ ಬೇಕಿರಲಿಲ್ಲ. ಅವರಿಗೆ ಬೇಕಾದದ್ದು ಅನಾಥರು.

ಮರುವರ್ಷ 'ತಾಯಿಯಿಲ್ಲ, ತಂದೆಯಿಲ್ಲ' ಎಂಬ ಆ ಮಾತು ಹೇಳಲು ನನ್ನನ್ನು ಆರಿಸಿದರು. ನನಗೆ ನಿಜಕ್ಕೂ ಯಾರೂ ಇರಲಿಲ್ಲ, ಹೇಳಿದ್ದರೆ ಸುಳ್ಳಾಗುತ್ತಿರಲಿಲ್ಲ. ವೇದಿಕೆ ಹತ್ತಿದೆ. ನಾನು ಹಲ್ಲು ಕಚ್ಚಿ ಸುಮ್ಮನೆ ನಿಂತೆ. ಮೊದಲ ಸಾಲಿನಲ್ಲಿ ಒಬ್ಬ ಹೆಂಗಸು ಕಣ್ಣೊರೆಸಿಕೊಳ್ಳಲು ಆಗಲೇ ಕರವಸ್ತ್ರ ತೆಗೆದಿದ್ದಳು. ಅದನ್ನು ಹಿಡಿದ ಕೈ ಅರ್ಧಕ್ಕೇ ನಿಂತು ನನ್ನ ಮಾತಿಗಾಗಿ ಕಾಯುತ್ತಿತ್ತು.