ಪಿನ್ನು ಚುಚ್ಚಿದ ಪಟ್ಟಿ

ಪೀಠೋಪಕರಣಗಳ ಮೇಳಕ್ಕೆ ನಾನು ಪ್ರತಿವರ್ಷ ಹೋಗುತ್ತೇನೆ, ಪ್ರತಿವರ್ಷ ಬೈದುಕೊಂಡು ವಾಪಸು ಬರುತ್ತೇನೆ. ಮನೆಗಳ ಒಳಾಂಗಣ ವಿನ್ಯಾಸ ಮಾಡುವುದು ನನ್ನ ಕಸುಬು. ಹೋಗದಿದ್ದರೆ ಗಿರಾಕಿಗಳು ನನಗಿಂತ ಮೊದಲೇ ನೋಡಿಕೊಂಡು ಬಂದು ನನಗೇ ಪಾಠ ಹೇಳುತ್ತಾರೆ. ಈ ಸಲ ಮಾತ್ರ ಗಿರಾಕಿಗಳಿಗಾಗಿ ಹೋದದ್ದಲ್ಲ. ನನಗೆ ಬೇಕಾಗಿದ್ದದ್ದು ಒಂದೇ ಒಂದು ಕುರ್ಚಿ. ಚಿಕ್ಕಮ್ಮ ಯಾರ ಕೈಯನ್ನೂ ಹಿಡಿಯದೆ ತಾನಾಗಿ ಎದ್ದು ನಿಲ್ಲಬಲ್ಲ ಕುರ್ಚಿ. ಅದು ಅವತ್ತೇ ಸಿಗಬೇಕಿತ್ತು. ಸಂಜೆ ವೃದ್ಧರನ್ನು ನೋಡಿಕೊಳ್ಳುವ ಆರೈಕೆ ಮನೆಯವರು ಫೋನ್ ಮಾಡುವವರಿದ್ದರು. ಅವರಲ್ಲಿ ಒಂದು ಕೋಣೆ ಖಾಲಿಯಾಗಿತ್ತು. ಚಿಕ್ಕಮ್ಮ ಹೂಂ ಅಂದರೆ ಅವಳಿಗೆ, ಇಲ್ಲವಾದರೆ ಕಾದಿರುವ ಇನ್ನೊಬ್ಬರಿಗೆ.

ಚಿಕ್ಕಮ್ಮ ನನ್ನ ತಾಯಿಯ ತಂಗಿ. ಅಮ್ಮ ತೀರಿಕೊಂಡ ಮೇಲೆ ನನ್ನನ್ನು ಸಾಕಿದವಳು. ಬಾಡಿಗೆಯ ಸಣ್ಣ ಕೋಣೆಯಲ್ಲಿ ಹೊಲಿಗೆ ಅಂಗಡಿ ಇಟ್ಟುಕೊಂಡು, ಬೀದಿಯವರೆಲ್ಲರ ಸೊಂಟದಳತೆ ಬಾಯಿಪಾಠ ಮಾಡಿಕೊಂಡು, ಯಾರು ದಪ್ಪಗಾದರು, ಯಾರು ಸೊರಗಿದರು ಎಂಬುದನ್ನು ಅವರಿಗಿಂತ ಮೊದಲೇ ತಿಳಿದುಕೊಳ್ಳುತ್ತಿದ್ದವಳು. ನನ್ನನ್ನು ಕರೆಯುವುದು ಬುಗುರಿ ಎಂದು. ಕೂತ ಕಡೆ ಕೂರುವವಳಲ್ಲ ನಾನು. ಚಿಕ್ಕಂದಿನಲ್ಲಿ ಊಟದ ತಟ್ಟೆ ಹಿಡಿದುಕೊಂಡೇ ಮನೆಯೆಲ್ಲ ಸುತ್ತುತ್ತಿದ್ದೆ, ಈಗಲೂ ಸುತ್ತುತ್ತೇನೆ. ಚಿಕ್ಕಮ್ಮ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡು, ಆಪರೇಷನ್ ಮುಗಿಸಿ ನನ್ನ ಮನೆಗೆ ಬಂದಿದ್ದಳು. ಕೋಲು ಹಿಡಿದು ಚೆನ್ನಾಗಿಯೇ ನಡೆಯುತ್ತಾಳೆ. ಕೂತರೆ ಏಳುವುದೊಂದೇ ಕಷ್ಟ.

ನನ್ನ ಮನೆಯೋ, ಪತ್ರಿಕೆಯಲ್ಲಿ ಫೋಟೊ ಬಂದ ಮನೆ. ಸೋಫಾ ನೆಲಕ್ಕೆ ಅಂಟಿಕೊಂಡಷ್ಟು ತಗ್ಗು, ಅದಕ್ಕೆ ಕಾಲೇ ಇಲ್ಲ. ಊಟದ ಮೇಜಿನ ಕುರ್ಚಿಗಳಿಗೆ ಕೈ ಊರಲು ಹಿಡಿಯಿಲ್ಲ. ಹಿಂದಿನ ವಾರ ನಾನು ಗಿರಾಕಿಯೊಬ್ಬರ ಜೊತೆ ಮೀಟಿಂಗಿನಲ್ಲಿದ್ದಾಗ ಚಿಕ್ಕಮ್ಮ ಆ ಸೋಫಾದ ಮೇಲೆ ಕೂತಳು, ಏಳಲಾಗಲಿಲ್ಲ. ಮಧ್ಯಾಹ್ನವಿಡೀ ಹಾಗೇ ಕೂತಿದ್ದಳು. ನಾನು ಬಂದಾಗ ಅವಳ ಬಟ್ಟೆ ಒದ್ದೆಯಾಗಿತ್ತು, ಮುಖ ಗೋಡೆಯ ಕಡೆ ತಿರುಗಿತ್ತು. ಫೋನ್ ಕೈಯಲ್ಲೇ ಇತ್ತು. ಯಾಕೆ ಕರೆಯಲಿಲ್ಲ ಎಂದು ಕೂಗಾಡಿದೆ. ನೀನು ಕೆಲಸದಲ್ಲಿದ್ದೆ ಅಂದಳು, ಅಷ್ಟೇ. ಮಾರನೆಯ ದಿನ ತಾನೇ ಆರೈಕೆ ಮನೆಗೆ ಫೋನ್ ಮಾಡಿ ವಿಚಾರಿಸಿದಳು. ನಾನು ಎಷ್ಟು ಹೇಳಿದರೂ ಕೇಳಲಿಲ್ಲ.

“ಸಂಬಳಕ್ಕಿರೋರು ಎಬ್ಬಿಸಿದ್ರೆ ನಂಗೆ ನಾಚಿಕೆ ಇಲ್ಲ ಕಣೇ. ನೀನು ಎಬ್ಬಿಸೋದು ನನ್ನ ಕೈಲಿ ಆಗಲ್ಲ. ನಿನ್ನ ಎತ್ತಿ ಆಡಿಸಿದೋಳು ನಾನು.”

ಮೆತ್ತೆಯ ಮೇಲೆ ಮೆತ್ತೆ ಹಾಕಿ ನೋಡಿದೆ, ಅವು ಜಾರಿದವು. ಆಸ್ಪತ್ರೆಯಲ್ಲಿದ್ದಂಥ ಕುರ್ಚಿ ತರುತ್ತೇನೆ ಅಂದೆ. ಅದರ ಮೇಲೆ ಕೂರುವುದಾದರೆ ಆಸ್ಪತ್ರೆಗೇ ವಾಪಸು ಹೋಗುತ್ತೇನೆ ಎಂದು ಮೂಗು ಮುರಿದಳು. ಕೊನೆಗೆ ನಾನು ಕಾಡಿ ಬೇಡಿದ್ದಕ್ಕೆ, ನಾನಾಗಿ ಏಳುವಂಥದ್ದು ಸಿಕ್ಕರೆ ನೋಡೋಣ ಅಂದಳು. ಆ ಬೆಳಿಗ್ಗೆ ಹಳೆಯ ಹಾಸಿಗೆ ಬಟ್ಟೆಯಿಂದ ಒಂದು ಪಟ್ಟಿ ಹರಿದು, ಅದರ ತುದಿಯನ್ನು ತನ್ನ ಹಿಮ್ಮಡಿಯ ಪಕ್ಕ ಹಿಡಿಯಲು ನನಗೆ ಹೇಳಿ, ಮೊಣಕಾಲಿನ ಸ್ವಲ್ಪ ಮೇಲಕ್ಕೆ ಬರುವಂತೆ ಒಂದು ಪಿನ್ನು ಚುಚ್ಚಿದಳು. ಕೂರುವ ಜಾಗ ಪಿನ್ನಿನ ಮಟ್ಟಕ್ಕಿರಬೇಕು, ಚೆಂದ ಗಿಂದ ಆಮೇಲೆ ನೋಡಿಕೋ ಎಂದಳು. ಪಟ್ಟಿಯನ್ನು ಕೋಟಿನ ಜೇಬಿಗೆ ತುರುಕಿಕೊಂಡು ಓಡಿದೆ.

ಮೇಳದ ಕೊನೆಯ ದಿನ ಒಂದು ಅನುಕೂಲವಿದೆ. ಮಳಿಗೆಯವರಿಗೆ ಸಾಮಾನನ್ನು ಮತ್ತೆ ಹೊತ್ತುಕೊಂಡು ಹೋಗುವುದು ಬೇಡವಾಗಿರುತ್ತದೆ, ಪ್ರದರ್ಶನಕ್ಕಿಟ್ಟದ್ದನ್ನೇ ಮಾರಿಬಿಡುತ್ತಾರೆ. ಹಾಗಾಗಿ ಅವತ್ತು ಕಂಡದ್ದನ್ನು ಅವತ್ತೇ ಮನೆಗೆ ಒಯ್ಯಬಹುದು. ಒಳಗೆ ಕಾಲಿಟ್ಟ ಕೂಡಲೇ ಹೊಸ ಪಾಲಿಶ್ಶಿನ ವಾಸನೆ, ಅಂಟಿನ ವಾಸನೆ, ಎಲ್ಲೆಲ್ಲೂ ಪ್ಲಾಸ್ಟಿಕ್ ಗಿಡ. ಈ ವರ್ಷ ಎಲ್ಲವೂ ಬಿಸ್ಕತ್ತಿನ ಬಣ್ಣ. ಬಿಸ್ಕತ್ತಿನ ಸೋಫಾ, ಬಿಸ್ಕತ್ತಿನ ಪರದೆ, ಬಿಸ್ಕತ್ತಿನ ಕಾರ್ಪೆಟ್ಟು. ಒಂದು ಮಳಿಗೆಯಲ್ಲಿ ಮಾರುವವಳ ಉಡುಪೂ ಅದೇ ಬಣ್ಣದ್ದಾಗಿ, ಅವಳು ಮಾತಾಡುವವರೆಗೂ ಅಲ್ಲೊಬ್ಬಳಿದ್ದಾಳೆಂದು ನನಗೆ ಗೊತ್ತಾಗಲಿಲ್ಲ.

ಅವಳಿಗೆ ನನ್ನ ಕಷ್ಟ ಹೇಳಿದೆ. ತುಂಬ ಮೃದುವಾಗಿ ನಕ್ಕು, ಕೂತರೆ ಒಳಗೆ ಹೂತುಹೋಗುವಂಥ ಒಂದು ದೊಡ್ಡ ಮುದ್ದೆಯನ್ನು ತೋರಿಸಿದಳು. ಒಮ್ಮೆ ಕೂತರೆ ಏಳಲು ಮನಸ್ಸೇ ಬರುವುದಿಲ್ಲ ಮೇಡಂ ಎಂದಳು. ನನಗೆ ಮೈ ಪರಚಿಕೊಳ್ಳುವಂತಾಯಿತು. ಅವಳದೇನು ತಪ್ಪು? ಇಡೀ ಮೇಳದಲ್ಲಿ ಏಳುವುದರ ಬಗ್ಗೆ ಯೋಚಿಸಿದವರು ಯಾರೂ ಇದ್ದಂತೆ ಕಾಣಲಿಲ್ಲ. ಕೂರುವುದನ್ನು ಮಾರುತ್ತಾರೆ, ಒರಗುವುದನ್ನು ಮಾರುತ್ತಾರೆ, ಬಟನ್ ಒತ್ತಿದರೆ ಬೆನ್ನು ತಟ್ಟುವ ಕುರ್ಚಿಯನ್ನೂ ಮಾರುತ್ತಾರೆ. ಅಷ್ಟು ಮಂದಿ ವಿನ್ಯಾಸಕರಲ್ಲಿ ಯಾರಿಗೂ ಮನೆಯಲ್ಲಿ ಮುದುಕರೇ ಇಲ್ಲವೇ? ಫೋಟೊದಲ್ಲಿ ಎಲ್ಲರೂ ತೆಳ್ಳಗೆ, ಬರಿಗಾಲಲ್ಲಿ, ಕಾಫಿ ಕಪ್ಪು ಹಿಡಿದು ಕಿಟಕಿಯಾಚೆ ನೋಡುತ್ತಾ ಕೂತಿರುತ್ತಾರೆ. ಅವರಿಗೆ ಒಂದಕ್ಕೆ ಹೋಗಲೂ ಏಳಬೇಕಾಗುವುದಿಲ್ಲ.

ಕುರ್ಚಿ ನೋಡುವುದಕ್ಕೆ ನನ್ನದೊಂದು ಕ್ರಮವಿದೆ. ಮೊದಲು ಬೋರಲು ಹಾಕಿ ಹೊಟ್ಟೆ ನೋಡುತ್ತೇನೆ, ಆಮೇಲೆ ಸೀಟಿನ ಸ್ಪಂಜಿಗೆ ಗುದ್ದಿ ನೋಡುತ್ತೇನೆ, ಕೊನೆಗೆ ಕಣ್ಣು ಮುಚ್ಚಿ ಕೂರುತ್ತೇನೆ. ಕಣ್ಣು ತೆರೆದಿದ್ದರೆ ಬಣ್ಣ ಮೋಸ ಮಾಡುತ್ತದೆ. ಅವತ್ತು ಅದಕ್ಕೆ ಇನ್ನೊಂದನ್ನು ಸೇರಿಸಿಕೊಂಡೆ: ಚಿಕ್ಕಮ್ಮನ ಹಾಗೆ ಹಿಡಿಗಳ ಮೇಲೆ ಕೈ ಊರಿ, ಮೈಯನ್ನು ಸೀಸದ ಹಾಗೆ ಭಾರ ಮಾಡಿಕೊಂಡು ಏಳುವುದು. ಕೂರುವುದು, ಏಳುವುದು, ಪಟ್ಟಿ ಹಿಡಿಯುವುದು, ಹಾಳಾಗಿಹೋಗಲಿ ಎಂದು ಮುಂದೆ ಹೋಗುವುದು. ಒಬ್ಬ ಪುಣ್ಯಾತ್ಮ ಇದು ವ್ಯಾಯಾಮದ ಪ್ರದರ್ಶನವೆಂದುಕೊಂಡು ನಿಂತು ನೋಡಿದ. ಯಾವ ಕುರ್ಚಿಯೂ ಸರಿಹೋಗಲಿಲ್ಲ. ಎತ್ತರವಿದ್ದವಕ್ಕೆ ಹಿಡಿಯಿಲ್ಲ, ಹಿಡಿಯಿದ್ದವಕ್ಕೆ ಎತ್ತರವಿಲ್ಲ. ಗಂಟೆ ನೋಡುತ್ತಲೇ ಇದ್ದೆ. ಕಾಫಿ ತಗೊಂಡು ಅದನ್ನು ಯಾವುದೋ ಮಳಿಗೆಯ ಮೇಜಿನ ಮೇಲೆ ಮರೆತು ಬಂದೆ. ಅವಳು ಹೋಗಿಬಿಟ್ಟರೆ ಆ ಮನೆಯಲ್ಲಿ ನಾನು ಯಾರ ಹತ್ತಿರ ಬೈಸಿಕೊಳ್ಳಲಿ ಎಂದು ಯೋಚನೆ ಬಂತು.

ಮೂಲೆಯ ಮಳಿಗೆಯಲ್ಲಿ ಸಾಮಾನು ಕಟ್ಟಲು ಶುರುಮಾಡಿದ್ದರು. ಅಲ್ಲಿತ್ತು ಅದು. ಗಟ್ಟಿ ಮರ, ಅಗಲ ಹಿಡಿಗಳು, ಹಿಡಿಯ ತುದಿ ಅಂಗೈ ತುಂಬುವಷ್ಟು ದುಂಡಗೆ. ಬಣ್ಣ ಹಸಿರು, ಇಡೀ ಮೇಳದಲ್ಲಿ ಬಿಸ್ಕತ್ತಲ್ಲದ ಒಂದೇ ಕುರ್ಚಿ. ಕಣ್ಣು ಮುಚ್ಚಿ ಕೂತೆ, ಎದ್ದೆ. ಬೆಣ್ಣೆಯಲ್ಲಿ ಕೂದಲು ತೆಗೆದಷ್ಟು ಸಲೀಸು. ಸೀಟಿನ ಅಂಚಿಗೆ ಪಿನ್ನು ಹಿಡಿದು ಪಟ್ಟಿ ಇಳಿಬಿಟ್ಟೆ. ನನ್ನ ಕಾಲ ಬಳಿ ಕಾರ್ಪೆಟ್ಟಿಗೆ ಸರಿಯಾಗಿ ಮುಟ್ಟಿ ನಿಂತಿತು, ನೂಲೆಳೆಯಷ್ಟೂ ಹೆಚ್ಚುಕಮ್ಮಿಯಿಲ್ಲ. ಅಲ್ಲೇ ಕುಣಿದುಬಿಡೋಣ ಅನ್ನಿಸಿತು. ಚೌಕಾಸಿ ಮಾಡದೆ ಕೊಂಡೆ. ಮಳಿಗೆಯವನಿಗೇ ಅನುಮಾನ ಬಂದಿರಬೇಕು, ಎರಡೆರಡು ಸಲ ನನ್ನ ಮುಖ ನೋಡಿದ. ಬಾಡಿಗೆ ವ್ಯಾನಿನಲ್ಲಿ ಡ್ರೈವರಿನ ಪಕ್ಕ ಕೂತು ದಾರಿಯುದ್ದಕ್ಕೂ ಬೇಗ ಬೇಗ ಎಂದು ಅವನ ತಲೆ ತಿಂದೆ.

ಮನೆಗೆ ಬಂದಾಗ ಚಿಕ್ಕಮ್ಮ ಅಡುಗೆಮನೆಯ ಕಟ್ಟೆಗೆ ಒರಗಿ ನಿಂತೇ ಇದ್ದಳು. ಕೂತರೆ ಎಬ್ಬಿಸಲು ಯಾರೂ ಇಲ್ಲವಲ್ಲ, ಅದಕ್ಕೆ. ಅವಳ ಬಟ್ಟೆಗಳ ಚೀಲ ಬಾಗಿಲ ಪಕ್ಕ ಸಿದ್ಧವಾಗಿತ್ತು. ಕುರ್ಚಿ ಕಂಡು ಹುಬ್ಬೇರಿಸಿದಳು, ಹಸಿರು ಬಟ್ಟೆಯನ್ನು ಹೆಬ್ಬೆರಳಿನಲ್ಲಿ ಉಜ್ಜಿ ನೋಡಿ ನೇಯ್ಗೆ ಚೆನ್ನಾಗಿದೆ ಎಂದಳು. ಕೂತಳು. ಹಿಡಿಗಳ ಮೇಲೆ ಕೈ ಊರಿದಳು, ಮೈ ಮುಂದಕ್ಕೆ ತಂದಳು, ಅರ್ಧ ಎದ್ದಳು, ಧೊಪ್ಪನೆ ಕೂತುಬಿಟ್ಟಳು. ಇನ್ನೊಮ್ಮೆ. ಮತ್ತೆ ಅದೇ. ಮೂರನೆಯ ಸಲ ಪ್ರಯತ್ನಿಸಲಿಲ್ಲ.

ನಾನು ಜೇಬಿನಿಂದ ಪಟ್ಟಿ ತೆಗೆದು ಹಿಡಿದೆ. ಅದು ನೆಲ ಮುಟ್ಟಿ, ಮಡಚಿ, ಬಿದ್ದುಕೊಂಡಿತು. ಕುರ್ಚಿ ಮೂರು ಬೆರಳು ಗಿಡ್ಡ. ದಾರಿಯಲ್ಲಿ ಕುರ್ಚಿಯೇನು ಕುಗ್ಗಿತೇ? ಬೋರಲು ಹಾಕಿ ನೋಡೋಣವೆಂದರೆ ಅದರಲ್ಲಿ ಚಿಕ್ಕಮ್ಮ ಕೂತಿದ್ದಾಳೆ. ಬಿಡು ಬುಗುರಿ, ಎಬ್ಬಿಸು, ಅವರು ಫೋನ್ ಮಾಡುವ ಹೊತ್ತಾಯಿತು ಎಂದಳು. ಅವಳ ದನಿ ಸೋತಿತ್ತು. ಅವಳೂ ಆಸೆ ಇಟ್ಟುಕೊಂಡಿದ್ದಳೆಂದು ನನಗೆ ಆಗ ಗೊತ್ತಾಯಿತು.

ಎಬ್ಬಿಸಲು ಬಗ್ಗಿದವಳಿಗೆ ಕುರ್ಚಿಯ ಕಾಲೂ ನನ್ನ ಕಾಲೂ ಒಂದೇ ನೆಲದ ಮೇಲಿರುವುದು ಕಂಡಿತು. ಮಳಿಗೆಯ ಕಟ್ಟೆ! ಮಳಿಗೆಗಳಲ್ಲಿ ಸಾಮಾನನ್ನು ತೆಳ್ಳನೆಯ ಮರದ ಕಟ್ಟೆಯ ಮೇಲೆ ಇಡುತ್ತಾರೆ. ಕಟ್ಟೆಗೂ ನೆಲಕ್ಕೂ ಒಂದೇ ಕಾರ್ಪೆಟ್ಟು ಹಾಸಿದರೆ ಕಟ್ಟೆ ಕಣ್ಣಿಗೆ ಬೀಳುವುದಿಲ್ಲ, ಸಾಮಾನು ಮಾತ್ರ ಎದ್ದು ಕಾಣುತ್ತದೆ. ಅಂಗಡಿಯವರಿಗೆ ನಾನೇ ಎಷ್ಟೋ ಸಲ ಮಾಡಿಕೊಟ್ಟ ಉಪಾಯ ಅದು. ಹಸಿರು ಕುರ್ಚಿ ಕಟ್ಟೆಯ ಅಂಚಿನಲ್ಲಿತ್ತು. ಕುರ್ಚಿ ಮೇಲೆ, ನನ್ನ ಕಾಲು ಕೆಳಗೆ, ಪಟ್ಟಿಯೂ ಕೆಳಗೆ. ನಾನು ತೋಡಿದ ಗುಂಡಿಯಲ್ಲಿ ನಾನೇ ಬಿದ್ದಿದ್ದೆ, ಅದೂ ಕಣ್ಣು ಮುಚ್ಚಿಕೊಂಡು.

ಒಂದು ನಿಮಿಷ ತಡಿ ಎಂದು ಅವಳನ್ನು ಎಬ್ಬಿಸಿ ಗೋಡೆಗೆ ಒರಗಿಸಿ ಓಡಿದೆ. ಕಪಾಟಿನ ಹಿಂದೆ ಅವಳ ಅಂಗಡಿಯ ಹಲಗೆ ಇತ್ತು, ಬಟ್ಟೆ ಕತ್ತರಿಸುವ ದಪ್ಪ ಹಲಗೆ. ಅಂಗಡಿ ಮುಚ್ಚಿದಾಗ ಬಿಟ್ಟುಬರಲಾರೆ ಎಂದು ಹಟ ಹಿಡಿದಿದ್ದಳು; ಮನೆಯ ಬಣ್ಣಕ್ಕೆ ಹೊಂದುವುದಿಲ್ಲವೆಂದು ನಾನು ಅದನ್ನು ಅಲ್ಲಿ ಬಚ್ಚಿಟ್ಟಿದ್ದೆ. ಅದನ್ನು ದರದರ ಎಳೆದು ತಂದಾಗ ನೆಲದ ಮೇಲೆ ಗೀರು ಬಿತ್ತು. ಬೀಳಲಿ.

“ಏಯ್, ಅದು ನನ್ನ ಹಲಗೆ ಕಣೇ. ಅದನ್ನ ಕಾಲಡಿಗೆ ಹಾಕ್ತೀಯಾ?”

“ಕಾಲಡಿಗಲ್ಲ, ಕುರ್ಚಿಯಡಿಗೆ. ಕಾಲು ಕೆಳಗೇ ಇರತ್ತೆ. ಮಾತಾಡದೆ ಕೂತ್ಕೋ.”

ಹಲಗೆಯ ಮೇಲೆ ಕುರ್ಚಿ ಏರಿಸಿದೆ, ಮುಂಗಾಲುಗಳನ್ನು ಅಂಚಿನ ಹತ್ತಿರಕ್ಕೆ ತಂದೆ, ನಾನೇ ಅದರ ಮೇಲೆ ಕುಪ್ಪಳಿಸಿ ಅಲುಗಾಡುವುದಿಲ್ಲ ಎಂದು ಖಾತ್ರಿ ಮಾಡಿಕೊಂಡೆ. ಚಿಕ್ಕಮ್ಮ ಕೂತಳು. ಪಟ್ಟಿ ಹಿಡಿದು ನೋಡಲೂ ಸಮಯವಿರಲಿಲ್ಲ. ಅಡುಗೆಮನೆಯಲ್ಲಿ ಚಾರ್ಜಿಗಿಟ್ಟಿದ್ದ ಅವಳ ಫೋನು ಹೊಡೆದುಕೊಳ್ಳತೊಡಗಿತು.

ನಾನು ಎಂದಿನಂತೆ ನೆಗೆದೆ.

“ನೀನು ಹೋಗಬೇಡ,” ಎಂದಳು. “ಮುಟ್ಟಲೂ ಬೇಡ ನನ್ನ.”

ನಿಂತೆ. ಜೀವಮಾನದಲ್ಲಿ ಅಷ್ಟು ಕಷ್ಟದ ಕೆಲಸ ಮಾಡಿಲ್ಲ ನಾನು. ಫೋನು ಬಡಿದುಕೊಳ್ಳುತ್ತಿತ್ತು. ಅವಳು ಕಾಲುಗಳನ್ನು ಹಿಂದಕ್ಕೆ ಎಳೆದುಕೊಂಡಳು. ಹಿಡಿಗಳ ದುಂಡು ತುದಿಗಳನ್ನು ಅಂಗೈಯಲ್ಲಿ ತುಂಬಿಕೊಂಡಳು. ಮುಖವನ್ನು ಮೊಣಕಾಲಿನ ಮೇಲಕ್ಕೆ ತಂದಳು. ಕತ್ತಿನ ನರ ಉಬ್ಬಿತು, ಮೊಣಕೈ ನಡುಗಿತು. ಎದ್ದಳು. ಎದ್ದು ನಿಂತು, ಸೆರಗಿಗೆ ಧೂಳು ಹತ್ತಿದೆಯೋ ಎಂಬಂತೆ ಒಮ್ಮೆ ಕೊಡವಿಕೊಂಡು, ಕೋಲು ಹಿಡಿದು ಅಡುಗೆಮನೆಗೆ ನಡೆದಳು. ಹತ್ತಿರವಿದ್ದದ್ದು ಆ ಕುರ್ಚಿಯೇ, ಅದರಲ್ಲೇ ಕುಸಿದು ಕೂತೆ.

ಒಳಗಿನಿಂದ ಅವಳ ಮಾತು ಕೇಳಿಸಿತು.

“ಹಾಂ, ನಾನೇ ಮಾತಾಡ್ತಿರೋದು. ಕೋಣೆ ಬೇರೆಯವರಿಗೆ ಕೊಟ್ಬಿಡಿ ಅಮ್ಮಾ. ಇಲ್ಲ ಇಲ್ಲ, ಯಾರೂ ಬಲವಂತ ಮಾಡಿಲ್ಲ. ಕೂತಿದ್ದೆ. ನಾನೇ ಎದ್ದು ಬಂದು ಫೋನ್ ತಗೊಂಡೆ.”

ಆ ಕೊನೆಯ ಮಾತನ್ನು ಅವಳು ಆ ಹೆಂಗಸಿಗೆ ಎರಡು ಸಲ ಹೇಳಿದಳು. ಆಮೇಲೆ ಕೋಲಿನ ಟಕ್ ಟಕ್ ಹತ್ತಿರ ಬಂತು. ಬಂದವಳು ನನ್ನ ಮುಂದೆ ನಿಂತಳು.

“ಏಳೇ ಬುಗುರಿ. ನನ್ನ ಕುರ್ಚಿ ಬಿಡು.”

ಏಳೋಣವೆಂದು ಹಿಡಿಗಳ ಮೇಲೆ ಕೈ ಊರಿದೆ. ಬೆಳಗಿನಿಂದ ತಡೆದಿದ್ದ ಅಳು ಒಮ್ಮೆಲೇ ನುಗ್ಗಿ ಬಂತು, ಏಳಲಾಗಲಿಲ್ಲ. ಚಿಕ್ಕಮ್ಮ ಕೋಲನ್ನು ಗೋಡೆಗೆ ಒರಗಿಸಿ, ನನ್ನನ್ನು ಎಬ್ಬಿಸಲು ಕೈ ಚಾಚಿದಳು.