ಗಂಟಿನ ಮೇಲಿನ ಕಡ್ಡಿ

ಗಡಿಯಾರ ರಿಪೇರಿ ಮಾಡುವ ಹೆಂಗಸೊಬ್ಬಳು, ನಲವತ್ತು ದಾಟುವ ಹೊತ್ತಿಗೆ, ಹೆಂಡತಿ ತೀರಿಕೊಂಡಿದ್ದ ಒಬ್ಬ ಬಸ್ ಡ್ರೈವರನ್ನು ಮದುವೆಯಾಗಿ ಅವನ ಮನೆಗೆ ಬಂದಳು. ಆ ಮನೆಯಲ್ಲಿ ಹನ್ನೊಂದು ವರ್ಷದ ಮಗಳಿದ್ದಳು. ಕೈಯೂ ಬಾಯಿಯೂ ಚುರುಕು ಎಂದು ಎಲ್ಲರೂ ಅವಳನ್ನು ಚೂಟಿ ಅನ್ನುತ್ತಿದ್ದರು. ಬಂದವಳನ್ನು ಚಿಕ್ಕಮ್ಮ ಎಂದು ಕರೆಯಬೇಕೆಂದು ಅಪ್ಪ ಹೇಳಿದ, ಚೂಟಿ ಹಾಗೆಯೇ ಕರೆದಳು. ಜಗಳವಿಲ್ಲ, ಸಲಿಗೆಯೂ ಇಲ್ಲ. ಪಕ್ಕದ ಕೋಣೆಗೆ ಬಾಡಿಗೆಗೆ ಬಂದವರ ಜೊತೆ ಇದ್ದ ಹಾಗೆ ಇದ್ದಳು.

ಅಡುಗೆಮನೆಯ ಕಿಟಕಿಯ ಕೆಳಗೆ ಒಂದು ಗುಲಾಬಿ ಗಿಡವಿತ್ತು. ತೀರಿಕೊಂಡ ತಾಯಿ ನೆಟ್ಟದ್ದು. ಚೂಟಿ ದಿನಾ ಸ್ಕೂಲಿಗೆ ಹೊರಡುವ ಮುಂಚೆ ಅದಕ್ಕೊಂದು ಚೊಂಬು ನೀರು ಹಾಕುತ್ತಿದ್ದಳು. ಯಾರೂ ಅದನ್ನು ಮುಟ್ಟುವ ಹಾಗಿರಲಿಲ್ಲ.

"ನೋಡಿ ಚಿಕ್ಕಮ್ಮ, ಅಮ್ಮನ ಗಿಡ ಕಿಟಕಿಗಿಂತ ಎತ್ತರ ಆಗಿದೆ."

"ಚೆನ್ನಾಗಿ ಬೆಳೆದಿದೆ," ಅಂದಳು ಚಿಕ್ಕಮ್ಮ. "ಹೂವು ಬಿಡುತ್ತಾ?"

"ಮೂರು ವರ್ಷದಿಂದ ಬಿಟ್ಟಿಲ್ಲ. ಬಿಡುತ್ತೆ."

ಚಿಕ್ಕಮ್ಮನ ತವರಿನಲ್ಲಿ ಹತ್ತಾರು ಗುಲಾಬಿ ಗಿಡಗಳಿದ್ದವು. ಆ ಪೇಲವ ಸಣ್ಣ ಎಲೆ, ಅಂಕೆಯಿಲ್ಲದೆ ಬಾಗಿದ ಉದ್ದ ಕೊಂಬೆಗಳನ್ನು ನೋಡಿದ ಮೊದಲ ದಿನವೇ ಅವಳಿಗೆ ವಿಷಯ ತಿಳಿದಿತ್ತು. ಆದರೆ ಬಂದು ಎರಡು ತಿಂಗಳೂ ಆಗದವಳು ಆ ಮಾತನ್ನು ಯಾವ ಬಾಯಲ್ಲಿ ಹೇಳುವುದು?

ಅಂಗಳದಲ್ಲಿ ಜಾಗ ಬೇಕಾದಷ್ಟಿತ್ತು. ಒಂದು ಭಾನುವಾರ ಇನ್ನೂ ಮೂರು ಗುಲಾಬಿ ತರೋಣವೆಂದು ಅವಳು ನರ್ಸರಿಗೆ ಹೊರಟಳು. "ನೀನೂ ಹೋಗು," ಎಂದು ಅಪ್ಪ ದಬ್ಬಿದ್ದಕ್ಕೆ ಚೂಟಿ ಮುಖ ಊದಿಸಿಕೊಂಡು ಹಿಂದೆ ನಡೆದಳು.

ನರ್ಸರಿ ನಡೆಸುತ್ತಿದ್ದುದು ದಪ್ಪ ಕನ್ನಡಕದ ಒಬ್ಬ ಮುದುಕಿ. ಗಿಡ ತೋರಿಸುವ ಮೊದಲೇ ಅವಳ ಪ್ರಶ್ನೆಗಳು ಶುರುವಾದವು. ಬಿಸಿಲು ಎಷ್ಟು ಹೊತ್ತು ಬೀಳುತ್ತೆ? ನೀರು ನಿಲ್ಲುತ್ತಾ? ಹೂವು ಗಿಡದಲ್ಲೇ ನೋಡೋಕಾ, ಕುಯ್ದು ಹೂದಾನಿಯಲ್ಲಿ ಇಡೋಕಾ? ವಾಸನೆ ಬೇಕೋ, ಬಣ್ಣ ಸಾಕೋ?

ಚೂಟಿಯ ಕಣ್ಣು ನೇರಳೆ ಬಣ್ಣದ ದೊಡ್ಡ ಹೂವಿನ ಮೇಲಿತ್ತು. "ಅದು."

"ಅದಕ್ಕೆ ದಿನಾ ಉಪಚಾರ ಆಗ್ಬೇಕು. ಎಲೆಗೆ ಕಪ್ಪು ಚುಕ್ಕೆ ರೋಗ ಬೇಗ ಬರುತ್ತೆ," ಅಂದಳು ಮುದುಕಿ. "ಮೊದಲ ಸಲಕ್ಕೆ ಗೊಂಚಲು ಬಿಡೋ ಈ ಗುಲಾಬಿ ಬಣ್ಣದ್ದು ತಗೋ. ನೀನು ಎರಡು ದಿನ ಮರೆತ್ರೂ ಅದು ನಿನ್ನ ಮರೆಯಲ್ಲ."

ಚಿಕ್ಕಮ್ಮ ಗೊಂಚಲಿನದನ್ನೂ, ಗಾಢ ವಾಸನೆಯ ಒಂದು ಕೆಂಪನ್ನೂ ಆರಿಸಿದಳು. ಚೂಟಿ ಹಟ ಬಿಡದ ಕಾರಣ ನೇರಳೆಯದೂ ಬಂತು. ಮುದುಕಿ ಕುಂಡಗಳನ್ನು ಎತ್ತಿಕೊಡುತ್ತಾ ಕೆಂಪು ಗಿಡದ ಬುಡದಲ್ಲಿದ್ದ ಗಂಟನ್ನು ತೋರಿಸಿದಳು. "ಕಸಿ ಮಾಡಿದ್ದು ಇಲ್ಲಿ. ಗಂಟಿಂದ ಮೇಲಿರೋದು ನಿಮ್ಮ ಗುಲಾಬಿ, ಕೆಳಗಿರೋದು ಕಾಡುಗುಲಾಬಿ. ಕೆಳಗಿಂದ ಚಿಗುರು ಬಂದ್ರೆ ಆವಾಗ್ಲೇ ಕಿತ್ತು ಹಾಕಿ. ಬಿಟ್ರೆ ಆಳೆತ್ತರ ಬೆಳೆದು ಮೇಲಿನದರ ಜೀವ ತೆಗೆಯುತ್ತೆ."

ಮನೆ ಮುಟ್ಟಿದವಳೇ ಚೂಟಿ ಚಪ್ಪಲಿಯನ್ನೂ ಬಿಡದೆ ಕಿಟಕಿಯ ಕೆಳಗೆ ಕೂತು, ಅಮ್ಮನ ಗಿಡದ ಬುಡದ ಮಣ್ಣನ್ನು ಕೈಯಿಂದಲೇ ಕೆದಕತೊಡಗಿದಳು. ಗಂಟು ಸಿಕ್ಕಿತು. ಅಷ್ಟೆತ್ತರದ ಕೊಂಬೆಗಳೆಲ್ಲ ಅದರ ಕೆಳಗಿನಿಂದಲೇ ಬಂದಿದ್ದವು.

"ನಿಮಗೆ ಗೊತ್ತಿತ್ತಾ?"

"ಗೊತ್ತಿತ್ತು," ಅಂದಳು ಚಿಕ್ಕಮ್ಮ.

"ಮತ್ತೆ ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ನೀನು, ಅಮ್ಮನ ಗಿಡದ ಮೇಲೂ ಇವಳ ಕಣ್ಣು ಬಿತ್ತು ಅಂದ್ಕೋತಿದ್ದೆ."

"ಹೌದು, ಅಂದ್ಕೋತಿದ್ದೆ." ಚೂಟಿ ಗಂಟಿನ ಮೇಲಿನ ಮಣ್ಣನ್ನು ಬೆರಳಿನಿಂದ ಒರೆಸಿದಳು. "ಮೂರು ವರ್ಷ ನಾನು ನೀರು ಹಾಕಿದ್ದು ಯಾವುದೋ ಕಾಡುಗಿಡಕ್ಕೆ. ಅಮ್ಮನದನ್ನ ನಾನೇ ಸಾಯಿಸಿದೆ."

ಚಿಕ್ಕಮ್ಮ ಅವಳ ಪಕ್ಕದಲ್ಲೇ ಮಣ್ಣಿನಲ್ಲಿ ಕೂತಳು. ತಪ್ಪು ತನ್ನದೂ ಹೌದು, ಎರಡು ತಿಂಗಳು ಸುಮ್ಮನಿದ್ದವಳು ತಾನು. ಅವಳು ಮುಳ್ಳುಗಳ ಮಧ್ಯೆ ಕೈ ತೂರಿಸಿ ಒಂದೊಂದೇ ಕೊಂಬೆಯನ್ನು ಸರಿಸಿ ನೋಡತೊಡಗಿದಳು. ಮೊಣಕೈವರೆಗೂ ಗೀರು ಬಿತ್ತು. ಗೋಡೆಯ ಕಡೆ, ಬಿಸಿಲೇ ಕಾಣದ ಮೂಲೆಯಲ್ಲಿ, ಗಂಟಿನ ಮೇಲಿಂದ ಹೊರಟ ಪೆನ್ಸಿಲಿನಷ್ಟು ಸಪೂರದ ಒಂದು ಕಡ್ಡಿ ಸಿಕ್ಕಿತು. ಅದರಲ್ಲಿ ಚುಕ್ಕೆ ಬಿದ್ದ ಎರಡೇ ಎಲೆ. ಉಗುರಿನಿಂದ ತುಸು ಕೆರೆದಳು.

"ಬಾ, ಇಲ್ಲಿ ನೋಡು. ಒಳಗೆ ಹಸಿರಿದೆ."

ಮಾರನೆಯ ದಿನ ಅಂಗಡಿಗೆ ಅರ್ಧ ದಿನ ರಜೆ ಹಾಕಿ ಅವಳು ಮುದುಕಿಯ ಬಳಿಗೆ ಓಡಿದಳು. ಮುದುಕಿ ಎಲ್ಲವನ್ನೂ ಕೇಳಿಕೊಂಡು ಹೇಳಿದಳು, "ಆ ಕಡ್ಡಿ ಬಹಳ ದಿನ ಬದುಕೋದಿಲ್ಲ. ಅದರ ಮೇಲಿರೋ ಚಿಗುರಿನ ಕಣ್ಣುಗಳನ್ನ ತೆಗೆದು ಕಾಡುಕೊಂಬೆಗೇ ಕೂರಿಸಿ. ಬೇರು ಗಟ್ಟಿಯಾಗಿದೆ, ಸಾಕುತ್ತೆ. ಮಗು ಇಷ್ಟು ವರ್ಷ ಹಾಕಿದ ನೀರು ದಂಡ ಆಗಿಲ್ಲ ಅಂತ ಹೇಳಿ." ಹಾಗೆಂದು ಒಂದು ಬೇಡದ ಕೊಂಬೆಯ ಮೇಲೆ ಕತ್ತರಿಸುವುದು, ಕಟ್ಟುವುದನ್ನು ಮೂರು ಸಲ ಮಾಡಿ ತೋರಿಸಿದಳು.

ಸಂಜೆ ಅಪ್ಪ ಡ್ಯೂಟಿ ಮುಗಿಸಿ ಬಂದಾಗ ಹೆಂಡತಿ ಗಡಿಯಾರ ರಿಪೇರಿಯ ಭೂತಗನ್ನಡಿಯನ್ನು ಕಣ್ಣಿಗೆ ಸಿಕ್ಕಿಸಿಕೊಂಡು ಗಿಡದ ಮುಂದೆ ಮಂಡಿಯೂರಿದ್ದಳು. ಮಗಳು ಚಿಮಟ, ಬ್ಲೇಡುಗಳ ತಟ್ಟೆ ಹಿಡಿದು ನಿಂತಿದ್ದಳು.

"ಟೀ ಸಿಗುತ್ತಾ?" ಅಂದ.

"ಆಪರೇಷನ್ ನಡೀತಿದೆ ಅಪ್ಪ. ನೀನೇ ಮಾಡ್ಕೋ," ಅಂದಳು ಚೂಟಿ. "ನಮಗೂ ಮಾಡು."

ಮೂರು ಕಣ್ಣುಗಳನ್ನು ತೊಗಟೆಯೊಳಗೆ ಕೂರಿಸಿ ಪ್ಲಾಸ್ಟಿಕ್ ಪಟ್ಟಿಯಿಂದ ಬಿಗಿದರು. ವಾರದೊಳಗೆ ಒಂದು ಕಪ್ಪಾಯಿತು. ಹತ್ತನೆಯ ದಿನ ಇನ್ನೊಂದೂ ಹೋಯಿತು. ಅಂದು ಚೂಟಿ ಊಟ ಬಿಟ್ಟು ಮಲಗಿದಳು. ಚಿಕ್ಕಮ್ಮನ ತಟ್ಟೆಯ ಊಟವೂ ಹಾಗೆಯೇ ಉಳಿಯಿತು. ಮೂರನೆಯ ಕಣ್ಣು ಮಾತ್ರ ಹಸಿರಾಗಿಯೇ ಉಳಿದು, ತಿಂಗಳಾಗುವಷ್ಟರಲ್ಲಿ ಉಬ್ಬಿ, ಕೆಂಪು ಚಿಗುರು ಹೊರಹಾಕಿತು. ಆಗ ಮುದುಕಿ ಹೇಳಿದಂತೆ, ಆ ಕಣ್ಣು ಕೂತ ಬುಡವನ್ನು ಬಿಟ್ಟು, ಕಾಡುಕೊಂಬೆಗಳನ್ನೆಲ್ಲ ಕತ್ತರಿಸಬೇಕಾಯಿತು. ಕತ್ತರಿಯನ್ನು ಚೂಟಿಯೇ ಹಿಡಿದಳು. ಕಿಟಕಿಯ ಎತ್ತರಕ್ಕಿದ್ದ ಗಿಡ ಗೇಣುದ್ದಕ್ಕೆ ಇಳಿಯಿತು.

ಎರಡೂವರೆ ತಿಂಗಳ ಮೇಲೆ ಅದರಲ್ಲಿ ಒಂದೇ ಒಂದು ಹೂವು ಅರಳಿತು. ಏಪ್ರಿಕಾಟ್ ಹಣ್ಣಿನ ತೆಳು ಕಿತ್ತಳೆ ಬಣ್ಣ, ಅಂಚು ಮಾತ್ರ ನಸುಗೆಂಪು. ಅಪ್ಪ ಡ್ಯೂಟಿಯ ಬಟ್ಟೆಯಲ್ಲೇ ಬಂದು ಅದರ ಮುಂದೆ ಬಹಳ ಹೊತ್ತು ನಿಂತ. "ಇದೇ," ಅಂದ. ಆಮೇಲೆ ಮುಖ ತೊಳೆಯಲು ಒಳಗೆ ಹೋದವನು ಬೇಗ ಹೊರಗೆ ಬರಲಿಲ್ಲ.

ಚೂಟಿ ಹೂವಿಗೆ ಮೂಗು ತಾಗಿಸಿ ಕಣ್ಣು ಮುಚ್ಚಿದಳು. ಎದ್ದು ನಿಂತಾಗ ಮೂಗಿನ ತುದಿಯಲ್ಲಿ ಹಳದಿ ಪುಡಿಯಿತ್ತು. ಆಗ ತಂದು ನೆಟ್ಟಿದ್ದ ಮೂರು ಗುಲಾಬಿಗಳ ಆಚೆ, ಅಂಗಳದ ಆ ತುದಿಯ ಖಾಲಿ ಗೋಡೆಯನ್ನು ಸ್ವಲ್ಪ ಹೊತ್ತು ನೋಡಿದಳು.

"ಅಲ್ಲಿಗೆ ಹಬ್ಬೋ ಗುಲಾಬಿ ತರೋಣ. ಬಿಳೀದು."

"ಆ ಗೋಡೆಗೆ ಮಧ್ಯಾಹ್ನದವರೆಗೂ ನೆರಳು," ಅಂದಳು ಚಿಕ್ಕಮ್ಮ.

"ಇಲ್ಲ, ಹನ್ನೊಂದಕ್ಕೇ ಬಿಸಿಲು ಬರುತ್ತೆ. ನಾನು ರಜೆಯಲ್ಲಿ ಮೂರು ದಿನ ಕೂತು ನೋಡಿದೀನಿ. ಆವಾಗ ನೀನು ಅಂಗಡಿಯಲ್ಲಿರ್ತೀಯ, ನಿನಗೇನು ಗೊತ್ತು?"

"ಬಿಳಿ ಹೂವು ಮಳೆ ಬಿದ್ರೆ ಕಂದಾಗುತ್ತೆ ಕಣೇ. ಹಳದಿ ಆಗ್ಬಹುದು."

"ಹಳದಿ ಬೇಡ."

"ಮತ್ತೆ?"

"ಹೋಗಿ ನೋಡೋಣ. ನರ್ಸರಿ ಅಜ್ಜಿಯನ್ನೇ ಕೇಳೋಣ."

ಚಿಕ್ಕಮ್ಮ ಒಳಗಿನಿಂದ ಚೀಲ ತಂದಳು. ಇಬ್ಬರೂ ಬಿಳಿಯೋ ಹಳದಿಯೋ ಎಂದು ವಾದ ಮಾಡುತ್ತಲೇ ನರ್ಸರಿಯ ಕಡೆ ನಡೆದರು.